ಹುಚ್ಚುನಾಯಿಯ ಕಡಿತವೂ ದೇಹದ ಕಾವಲೂ

ಗಾಯವಾದವನನ್ನು ನೋಡಲು ಹೋದವರು ಮೊದಲು ಕೇಳುವ ಮಾತು ಒಂದೇ: "ಬಾವು ಇಳಿಯಿತೇ?" ಬಾವು ಏರಿದರೆ ಮನೆಮಂದಿಯೆಲ್ಲ ಚಿಂತೆಗೊಳಗಾಗುವರು, ಇಳಿದರೆ ಗಂಡಾಂತರವು ಕಳೆಯಿತೆಂದು ದೇವರ ಮುಂದೆ ತುಪ್ಪದ ದೀಪವನ್ನು ಹಚ್ಚುವರು. ಕೆಂಪು, ಊತ, ಬಿಸಿ, ನೋವು ಇವುಗಳನ್ನೇ ರೋಗದ ಅಳತೆಗೋಲಾಗಿ ಹಿಡಿಯುವ ಈ ಲೋಕರೂಢಿಯು ಬಹುಪಾಲು ಸಂದರ್ಭಗಳಲ್ಲಿ ತಪ್ಪಾದುದೂ ಅಲ್ಲ. ಆದರೆ ಒಂದು ರೋಗದ ವಿಷಯದಲ್ಲಿ ಮಾತ್ರ ಈ ಅಳತೆಗೋಲು ಮನುಷ್ಯನನ್ನು ನೇರವಾಗಿ ಸ್ಮಶಾನಕ್ಕೆ ಕರೆದೊಯ್ಯುವಂಥದು. ಹುಚ್ಚುನಾಯಿಯ ಕಡಿತದಿಂದ ಬರುವ ರೇಬೀಸ್ ರೋಗವೇ ಅದು. ಇಲ್ಲಿ ಗಾಯವು ಮಾಗುತ್ತದೆ, ಬಾವು ಇಳಿಯುತ್ತದೆ, ಜ್ವರವಿರುವುದಿಲ್ಲ, ಮನೆಯವರು ನಿಶ್ಚಿಂತರಾಗುತ್ತಾರೆ. ಆ ನಿಶ್ಚಿಂತೆಯ ವಾರಗಳಲ್ಲಿಯೇ ಸಾವು ಸದ್ದಿಲ್ಲದೆ ನರದ ದಾರಿ ಹಿಡಿದು ಮಿದುಳಿನ ಕಡೆಗೆ ಸಾಗುತ್ತಿರುತ್ತದೆ.

ಬೀದಿನಾಯಿಗಳನ್ನು ಏನು ಮಾಡಬೇಕೆಂಬ ವಾದವಿವಾದಗಳು ನಮ್ಮ ಪಟ್ಟಣಗಳಲ್ಲಿ ಬಿರುಸಾಗಿ ನಡೆದಿವೆ. ಆ ವಾದವು ನಡೆಯಲಿ. ಅದರ ಅಗತ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಡಿತಕ್ಕೆ ಗುರಿಯಾದ ಮನುಷ್ಯನ ದೇಹದೊಳಗೆ ಏನು ನಡೆಯುತ್ತದೆಂಬುದನ್ನು ತಿಳಿಯದೆ, ಅವನನ್ನು ಉಳಿಸುವ ಉಪಾಯವನ್ನು ನಾವು ಸರಿಯಾಗಿ ಏರ್ಪಡಿಸಲಾರೆವು. ಇಂದು ಆ ವಿಷಯವನ್ನೇ ವಾಚಕರ ಮುಂದೆ ಇಡಲು ಬಯಸುತ್ತೇವೆ. ವೈದ್ಯಶಾಸ್ತ್ರದ ಗಹನವಾದ ವಿಚಾರವು ದಿನಪತ್ರಿಕೆಯಲ್ಲಿ ಏಕೆಂದು ಕೆಲವರು ಕೇಳಬಹುದು. ಇದು ಪಂಡಿತರ ಕುತೂಹಲದ ಮಾತಲ್ಲ, ಸರಕಾರದ ದವಾಖಾನೆಯಲ್ಲಿ ಯಾವ ಔಷಧಿಯು ಯಾವ ಗಳಿಗೆಯಲ್ಲಿ ಇರಬೇಕೆಂಬುದನ್ನು ನಿರ್ಣಯಿಸುವ ಮಾತು ಎಂಬುದೇ ನಮ್ಮ ಉತ್ತರ.

ಮೊದಲು ಹಾನಿಯ ಪ್ರಮಾಣವನ್ನು ನೋಡೋಣ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ೫೯,೦೦೦ ಜನರು ಈ ರೋಗದಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಮ್ಮ ದೇಶದಲ್ಲಿ ೨೦೦೩ರ ಸಮೀಕ್ಷೆಯೊಂದು ವರ್ಷಕ್ಕೆ ೨೦,೦೦೦ಕ್ಕಿಂತ ಹೆಚ್ಚು ಸಾವುಗಳನ್ನು ಲೆಕ್ಕಹಾಕಿತ್ತು. ೨೦೨೨-೨೩ರಲ್ಲಿ ನಡೆದ ಸಮೀಕ್ಷೆಯು ಆ ಸಂಖ್ಯೆಯನ್ನು ಸುಮಾರು ೫,೭೦೦ಕ್ಕೆ ಇಳಿಸಿ ತೋರಿಸಿತು. ಇಳಿತವಾಗಿದ್ದರೆ ಸಂತೋಷವೇ ಸರಿ. ಆದರೆ ಒಂದು ವಿಚಿತ್ರವನ್ನು ಮರೆಯಬಾರದು. ಕಾಲಕ್ಕೆ ಸರಿಯಾಗಿ ಉಪಚಾರವಾದರೆ ಈ ರೋಗವನ್ನು ಹೆಚ್ಚುಕಡಿಮೆ ಖಂಡಿತವಾಗಿ ತಡೆಯಬಹುದು. ಲಕ್ಷಣಗಳು ತೋರಿದ ಮೇಲೆ ಸಾವು ಹೆಚ್ಚುಕಡಿಮೆ ಖಂಡಿತ. ಇಷ್ಟು ಸುಲಭವಾಗಿ ತಡೆಯಬಹುದಾದ ರೋಗವು ಇಷ್ಟು ನಿರ್ದಯವಾಗಿ ಕೊಲ್ಲುವುದೇಕೆ? ಉತ್ತರವು ದೇಹದ ಕಾವಲಿಗೂ ಈ ರೋಗಕ್ಕೂ ಇರುವ ಸಂಬಂಧದಲ್ಲಿ ಅಡಗಿದೆ.

ಉರಿಯೂತವೆಂಬುದು ರೋಗವಲ್ಲ, ರೋಗದ ವಿರುದ್ಧ ದೇಹವು ಊದುವ ರಣಕಹಳೆ. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ರೋಮಿನ ಸೆಲ್ಸಸ್ ಎಂಬ ಗ್ರಂಥಕಾರನು ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳನ್ನು ಎಣಿಸಿ ಹೇಳಿದ್ದನು. ಕ್ರಿಮಿಯು ಒಳಹೊಕ್ಕ ಕಡೆಯಲ್ಲಿ ಜೀವಕೋಶಗಳು ಹಾನಿಗೊಂಡು ಎಚ್ಚರಿಕೆಯ ರಸಗಳನ್ನು ಸೂಸುತ್ತವೆ, ರಕ್ತನಾಳಗಳು ಹಿಗ್ಗುತ್ತವೆ, ಬಿಳಿಯ ರಕ್ತಕಣಗಳು ಅಲ್ಲಿಗೆ ಧಾವಿಸುತ್ತವೆ. ಇದು ಮೊದಲನೆಯ ಪಹರೆ. ಇದರ ಕೂಗನ್ನು ಕೇಳಿ ಎರಡನೆಯ ಪಡೆಯು ಸಿದ್ಧವಾಗುತ್ತದೆ. ಬಂದ ಶತ್ರುವಿನ ಗುರುತನ್ನು ಕಲಿತು, ಅವನಿಗೇ ತಕ್ಕ ಪ್ರತಿಕಾಯಗಳನ್ನೂ ಹಂತಕ ಕಣಗಳನ್ನೂ ಅದು ತಯಾರಿಸುತ್ತದೆ. ಈ ಎರಡನೆಯ ಪಡೆಗೆ ಶಿಕ್ಷಣವಾಗಲು ವಾರ, ಎರಡು ವಾರ ಬೇಕು. ಮೊದಲಿನವರು ಕೂಗದಿದ್ದರೆ ಎರಡನೆಯವರು ಏಳುವುದೇ ಇಲ್ಲ. ಇದೇ ಸೆಲ್ಸಸನು ಹುಚ್ಚುನಾಯಿಯ ಕಡಿತವನ್ನೂ ಜಲಭೀತಿಯನ್ನೂ ತನ್ನ ಗ್ರಂಥದಲ್ಲಿ ವರ್ಣಿಸಿ, ಗಾಯವನ್ನು ಸುಡಬೇಕೆಂದು ವಿಧಿಸಿದ್ದನು. ತಾನು ಹೇಳಿದ ನಾಲ್ಕು ಲಕ್ಷಣಗಳಿಗೂ ತಾನು ವರ್ಣಿಸಿದ ಜಲಭೀತಿಗೂ ನಡುವೆ ಎಂಥ ಕಂದಕವಿದೆಯೆಂಬುದು ಅವನಿಗೆ ತಿಳಿದಿರಲು ಸಾಧ್ಯವಿರಲಿಲ್ಲ.

ರೇಬೀಸಿನ ವೈರಸ್ ಬಂದೂಕಿನ ಗುಂಡಿನಾಕಾರದ ಒಂದು ಸೂಕ್ಷ್ಮ ಜೀವಾಣು. ಅದರ ಬಂಡವಾಳವು ಕೇವಲ ಐದು ಬಗೆಯ ಸಸಾರಜನಕ ಪದಾರ್ಥಗಳು. ನಾಯಿಯ ಜೊಲ್ಲಿನೊಂದಿಗೆ ಅದು ಮಾಂಸಖಂಡದೊಳಗೆ ಇಳಿಯುವಾಗ ಅದರ ಪ್ರಮಾಣವು ಅತ್ಯಲ್ಪ. ಬೇರೆ ಕ್ರಿಮಿಗಳಂತೆ ಅದು ಹೊಕ್ಕ ಮನೆಯನ್ನು ಕೆಡವುವುದಿಲ್ಲ. ಜೀವಕೋಶವನ್ನು ಒಡೆದು ಹೊರಬರುವುದಿಲ್ಲ. ಹಾನಿಯಿಲ್ಲದ ಕಡೆ ಎಚ್ಚರಿಕೆಯ ರಸವೆಲ್ಲಿಂದ ಬರಬೇಕು? ಕಳ್ಳನು ಬಾಗಿಲು ಮುರಿಯದೆ ಬಂದರೆ ನಾಯಿ ಬೊಗಳುವುದಿಲ್ಲವಷ್ಟೆ. ಅಷ್ಟೇ ಅಲ್ಲ, ಜೀವಕೋಶಗಳು ಒಂದಕ್ಕೊಂದು ಅಪಾಯವನ್ನು ತಿಳಿಸಲು ಉಪಯೋಗಿಸುವ ಇಂಟರ್‌ಫೆರಾನ್ ಎಂಬ ಸಂದೇಶವನ್ನೂ ಈ ವೈರಸ್ ತಡೆಯುತ್ತದೆ. ಅದರ ಐದು ಪದಾರ್ಥಗಳಲ್ಲಿ ಒಂದು ಆ ಸಂದೇಶವು ಹುಟ್ಟದಂತೆಯೂ, ಹುಟ್ಟಿದರೂ ಮುಟ್ಟದಂತೆಯೂ ನೋಡಿಕೊಳ್ಳುತ್ತದೆಂದು ಶೋಧಕರು ಕಂಡುಹಿಡಿದಿದ್ದಾರೆ. ತಂತಿಯನ್ನು ಕತ್ತರಿಸಿ ಅನಂತರ ಕನ್ನ ಕೊರೆಯುವ ಚೋರನ ಜಾಣತನವಿದು.

ಅಲ್ಲಿಂದ ಮುಂದೆ ಅದು ನರದ ತುದಿಯನ್ನು ಹಿಡಿದು ಒಳಸೇರುತ್ತದೆ. ನರತಂತುವಿನ ಒಳಗೆ, ಜೀವಕೋಶದ ಸ್ವಂತ ಸಾಗಾಣಿಕೆಯ ಬಂಡಿಯನ್ನೇ ಏರಿ, ಬೆನ್ನುಹುರಿಯ ಮತ್ತು ಮಿದುಳಿನ ಕಡೆಗೆ ಪ್ರಯಾಣ ಬೆಳೆಸುತ್ತದೆ. ಒಮ್ಮೆ ನರದೊಳಗೆ ಹೊಕ್ಕಿತೆಂದರೆ ರಕ್ತದಲ್ಲಿ ಸಂಚರಿಸುವ ಪ್ರತಿಕಾಯಗಳಿಗೆ ಅದು ಸುಲಭವಾಗಿ ಸಿಕ್ಕದು. ರೋಗಲಕ್ಷಣವು ತೋರಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಕೆಲವೊಮ್ಮೆ ಒಂದು ವಾರ, ಅಪರೂಪಕ್ಕೆ ಒಂದು ವರ್ಷಕ್ಕಿಂತ ಹೆಚ್ಚು. ಕಡಿತವು ಮುಖದಲ್ಲಿಯೋ ಕುತ್ತಿಗೆಯಲ್ಲಿಯೋ ಕೈಬೆರಳಿನಲ್ಲಿಯೋ ಆಗಿದ್ದರೆ ಅಪಾಯವು ಹೆಚ್ಚು. ಮಿದುಳಿನ ದಾರಿ ಅಲ್ಲಿ ಹತ್ತಿರ, ಅಥವಾ ನರಗಳು ಅಲ್ಲಿ ದಟ್ಟ. ಇಷ್ಟು ದೀರ್ಘವಾದ ಅವಧಿಯಲ್ಲಿ ದೇಹದ ಪಡೆಗೆ ಶಿಕ್ಷಣ ಪಡೆಯಲು ಬೇಕಾದಷ್ಟು ಕಾಲವಿತ್ತು. ಶತ್ರುವು ಬಂದಿದ್ದಾನೆಂಬ ಸುದ್ದಿಯೊಂದೇ ಬರಲಿಲ್ಲ.

ಮಿದುಳನ್ನು ಪ್ರಕೃತಿಯು ವಿಶೇಷವಾದ ಕೋಟೆಯೊಳಗೆ ಇಟ್ಟಿದೆ. ರಕ್ತದಲ್ಲಿರುವುದೆಲ್ಲವೂ ಮಿದುಳಿಗೆ ನುಗ್ಗದಂತೆ ಅಲ್ಲಿಯ ರಕ್ತನಾಳಗಳ ಗೋಡೆಗಳು ಬಿಗಿಯಾಗಿ ಹೆಣೆದುಕೊಂಡಿವೆ. ಊತವು ಕಾಲಿಗೆ ಬಂದರೆ ಸಹಿಸಬಹುದು. ತಲೆಬುರುಡೆಯ ಇಕ್ಕಟ್ಟಿನಲ್ಲಿ ಬಂದರೆ ಜೀವಕ್ಕೇ ಮುಳುವು. ಆದುದರಿಂದ ಈ ಏರ್ಪಾಡು ಸಾಮಾನ್ಯ ಕಾಲದಲ್ಲಿ ಹಿತವಾದುದೇ. ಆದರೆ ರೇಬೀಸಿನ ವೈರಸ್ ನರದ ಸುರಂಗದಿಂದ ಕೋಟೆಯೊಳಗೆ ಬಂದು ಕುಳಿತಾಗ, ಅದೇ ಗೋಡೆಯು ರಕ್ಷಕರನ್ನು ಹೊರಗೆ ನಿಲ್ಲಿಸುತ್ತದೆ. ಇಷ್ಟು ಭಯಂಕರವಾಗಿ ಸತ್ತವನ ಮಿದುಳನ್ನು ಪರೀಕ್ಷಿಸಿದ ವೈದ್ಯರಿಗೆ ಹಿಂದಿನಿಂದಲೂ ಒಂದು ಆಶ್ಚರ್ಯವು ಕಾದಿರುತ್ತಿತ್ತು: ಅಲ್ಲಿ ಉರಿಯೂತವು ರೋಗದ ಘೋರತೆಗೆ ತಕ್ಕಷ್ಟು ಇರುವುದಿಲ್ಲ, ನರಕೋಶಗಳು ಬಹುಮಟ್ಟಿಗೆ ನಿಂತಲ್ಲಿಯೇ ನಿಂತಿರುತ್ತವೆ. ಇಟಲಿಯ ಅಡೆಲ್ಕಿ ನೆಗ್ರಿಯು ೧೯೦೩ರಲ್ಲಿ ನರಕೋಶದೊಳಗಿನ ಸಣ್ಣ ಗುರುತುಗಳನ್ನು ಕಂಡು ತೋರಿಸಿದ ಮೇಲೆ, ಆ ಗುರುತುಗಳೇ ಬಹುಕಾಲ ರೋಗದ ಸಾಕ್ಷಿಯಾಗಿದ್ದವು. ಮನೆಯು ಸುಟ್ಟಿಲ್ಲ, ಮನೆಯೊಳಗಿನ ವ್ಯವಹಾರವೆಲ್ಲ ಕೆಟ್ಟುಹೋಗಿದೆ.

ಹೇಗೋ ಗೋಡೆಯನ್ನು ದಾಟಿ ಒಳಬಂದ ಹಂತಕ ಕಣಗಳ ಗತಿಯೇನು? ಪ್ಯಾರಿಸಿನ ಪಾಸ್ತರ್ ಸಂಸ್ಥೆಯಲ್ಲಿ ಮೋನಿಕ್ ಲಾಫೋಂ ಎಂಬ ವಿದುಷಿಯೂ ಅವರ ಸಹೋದ್ಯೋಗಿಗಳೂ ಇದನ್ನು ಶೋಧಿಸಿದರು. ಸೋಂಕಿಗೆ ಒಳಗಾದ ನರಕೋಶಗಳು ತಮ್ಮ ಮೈಮೇಲೆ ಕೆಲವು ಗುರುತುಗಳನ್ನು ಹೊರತೋರುವಂತೆ ವೈರಸ್ ಮಾಡುತ್ತದೆ; ಆ ಗುರುತುಗಳು ಬಂದ ಕಣಗಳಿಗೆ ಸಾಯುವ ಆಜ್ಞೆಯನ್ನು ಕೊಡುತ್ತವೆ. ಮಿದುಳನ್ನು ಅನಾವಶ್ಯಕ ಉರಿಯೂತದಿಂದ ಕಾಪಾಡಲು ಪ್ರಕೃತಿಯು ಇಟ್ಟಿದ್ದ ಉಪಾಯವನ್ನೇ ಶತ್ರುವು ಕೈವಶ ಮಾಡಿಕೊಂಡಂತಾಯಿತು. ರೋಗಿಯ ರಕ್ತದಲ್ಲಿ ಪ್ರತಿಕಾಯಗಳು ತಲೆದೋರುವುದೂ ಬಹಳ ತಡವಾಗಿ. ಎಷ್ಟೋ ರೋಗಿಗಳು ಪ್ರತಿಕಾಯದ ಸುಳಿವೂ ಇಲ್ಲದೆ ಪ್ರಾಣಬಿಡುತ್ತಾರೆ. "ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು" ಎಂಬ ನಮ್ಮ ಗಾದೆಯು ಇಲ್ಲಿ ಅಕ್ಷರಶಃ ನಿಜ.

ಹಾಗಾದರೆ ಉರಿಯೂತವು ಇಲ್ಲಿ ಮಿತ್ರನೋ ಶತ್ರುವೋ? ಅಮೆರಿಕದ ಫಿಲಡೆಲ್ಫಿಯಾ ನಗರದ ಥಾಮಸ್ ಜೆಫರ್ಸನ್ ವಿಶ್ವವಿದ್ಯಾಲಯದ ಶೋಧಕರು ೨೦೦೭ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಪ್ರಶ್ನೆಗೆ ಬೆಳಕು ಚೆಲ್ಲುತ್ತವೆ. ಇಲಿಗಳಿಗೆ ಬಾವಲಿಯಿಂದ ಬಂದ ಉಗ್ರವಾದ ರೇಬೀಸ್ ವೈರಸನ್ನು ಕೊಟ್ಟಾಗ ಅವುಗಳ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟಿದವು. ಆದರೂ ಇಲಿಗಳು ಸತ್ತವು. ಪ್ರತಿಕಾಯಗಳಿಗೂ ಕಣಗಳಿಗೂ ಮಿದುಳಿನ ಗೋಡೆಯು ತೆರೆಯಲಿಲ್ಲವೆಂಬುದೇ ಕಾರಣ. ಶಕ್ತಿಗುಂದಿಸಿದ ವೈರಸನ್ನು ಕೊಟ್ಟ ಇಲಿಗಳಲ್ಲಿ ಗೋಡೆಯು ತೆರೆದು ಪಡೆಯು ಒಳಹೊಕ್ಕಿತು, ಅವು ಬದುಕಿದವು. ಮಿದುಳಿನ ಉರಿಯೂತಕ್ಕೆ ಸ್ವಭಾವತಃ ಸುಲಭವಾಗಿ ಒಳಗಾಗುವ ಜಾತಿಯ ಇಲಿಗಳು ಉಗ್ರವಾದ ವೈರಸಿನಿಂದಲೂ ಹೆಚ್ಚಾಗಿ ಪಾರಾದವು. ಉರಿಯೂತವನ್ನು ಅಡಗಿಸುವ ಸ್ಟೆರಾಯ್ಡ್ ಔಷಧಿಗಳು ಪ್ರಾಣಿಪ್ರಯೋಗಗಳಲ್ಲಿ ಮರಣವನ್ನು ಹೆಚ್ಚಿಸಿದುದು ಮೊದಲೇ ತಿಳಿದಿತ್ತು. ಬೇರೆಡೆ ನಾವು ಹೆದರುವ ಮಿದುಳಿನ ಉರಿಯೂತವೇ ಇಲ್ಲಿ ತಾರಕವಾಗಬಲ್ಲುದು.

ಆದರೆ ಇಷ್ಟರಿಂದಲೇ ಉರಿಯೂತವನ್ನು ಕೆರಳಿಸಿದರಾಯಿತೆಂದು ನಿರ್ಣಯಿಸುವುದು ಆತುರವಾದೀತು. ಮನುಷ್ಯರಲ್ಲಿ ಈ ರೋಗವು ಎರಡು ರೂಪಗಳಲ್ಲಿ ಕಾಣುತ್ತದೆ. ಒಂದು, ನೀರನ್ನು ಕಂಡರೆ ಗಂಟಲು ಬಿಗಿದು ತಲ್ಲಣಿಸುವ ಉಗ್ರರೂಪ. ಇನ್ನೊಂದು, ಕೈಕಾಲುಗಳು ಸೋಲುತ್ತ ಹೋಗುವ ಪಾರ್ಶ್ವವಾಯುವಿನಂಥ ಮೂಕರೂಪ. ಬ್ಯಾಂಕಾಕಿನ ವೈದ್ಯ ಥೀರವಾತ್ ಹೇಮಚುಧಾ ಅವರೂ ಅವರ ಸಂಗಡಿಗರೂ ೧೯೮೦ರ ದಶಕದಿಂದ ಇಂಥ ರೋಗಿಗಳನ್ನು ಪರೀಕ್ಷಿಸಿ ಒಂದು ವಿಲಕ್ಷಣವಾದ ಸಂಗತಿಯನ್ನು ಕಂಡರು. ಉಗ್ರರೂಪದ ರೋಗಿಗಳ ರಕ್ತಕಣಗಳಲ್ಲಿ ರೇಬೀಸಿನ ವಿರುದ್ಧ ಪ್ರತಿಕ್ರಿಯೆಯು ಕಂಡುಬಂದಿತು. ಮೂಕರೂಪದವರಲ್ಲಿ ಅದು ಬಹುಮಟ್ಟಿಗೆ ಇರಲಿಲ್ಲ. ಪ್ರತಿಕ್ರಿಯೆ ಇದ್ದವರೇ ಬೇಗನೆ ಸತ್ತರು. ಅಂದರೆ, ಶತ್ರುವು ಅರಮನೆಯ ಎಲ್ಲ ಕೋಣೆಗಳಲ್ಲಿಯೂ ನೆಲೆಸಿದ ಮೇಲೆ ಬರುವ ಸೈನ್ಯವು ಅರಮನೆಗೇ ಬೆಂಕಿಯಿಡುತ್ತದೆ. ಮೊದಲು ಬಂದರೆ ರಕ್ಷಣೆ. ತಡವಾಗಿ ಬಂದರೆ ವಿನಾಶ. ಸೈನ್ಯವು ಅದೇ, ಗಳಿಗೆ ಮಾತ್ರ ಬೇರೆ. ನಮ್ಮ ಇಂದಿನ ಲೇಖನದ ಸಾರವೆಲ್ಲವೂ ಈ ಒಂದು ಮಾತಿನಲ್ಲಿದೆ.

ದೇಹದ ಸೈನ್ಯವನ್ನು ತಪ್ಪಾದ ಗುರಿಯತ್ತ ಎಬ್ಬಿಸಿದರೆ ಏನಾಗುವುದೆಂಬುದಕ್ಕೆ ನಮ್ಮ ದೇಶದ ಇತಿಹಾಸವೇ ಸಾಕ್ಷಿ. ಪ್ಯಾರಿಸಿನಲ್ಲಿ ಲೂಯಿ ಪಾಸ್ತರನು ೧೮೮೫ರ ಜುಲೈ ೬ರಂದು, ನಾಯಿ ಕಡಿದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಮೊಲದ ಬೆನ್ನುಹುರಿಯಿಂದ ಮಾಡಿದ ಲಸಿಕೆಯನ್ನು ಚುಚ್ಚಿಸಿದುದು ಲೋಕಪ್ರಸಿದ್ಧ. ಹದಿನೈದು ವರ್ಷಗಳಲ್ಲಿ, ೧೯೦೦ರಲ್ಲಿ, ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಪಾಸ್ತರನ ಹೆಸರಿನ ಸಂಸ್ಥೆಯು ಹುಟ್ಟಿತು. ದಕ್ಷಿಣಕ್ಕಾಗಿ ೧೯೦೭ರಲ್ಲಿ ಕೂನೂರಿನಲ್ಲಿ ಇನ್ನೊಂದು ಹುಟ್ಟಿತು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯನು ೧೯೧೧ರಲ್ಲಿ ಹೊಸದೊಂದು ಲಸಿಕೆಯನ್ನು ಹೊರತಂದನು: ಸೋಂಕಿತ ಪ್ರಾಣಿಯ ಮಿದುಳನ್ನು ಅರೆದು, ಕಾರ್ಬಾಲಿಕ್ ಆಮ್ಲದಿಂದ ವೈರಸನ್ನು ಕೊಂದು ಮಾಡಿದ ದ್ರವವದು. ಹೊಟ್ಟೆಯ ಮೇಲೆ ದಿನಕ್ಕೊಂದರಂತೆ ಹದಿನಾಲ್ಕು ಸೂಜಿಗಳೆಂದು ನಮ್ಮ ಹಿರಿಯರು ಭಯದಿಂದ ಸ್ಮರಿಸುವುದು ಈ ಲಸಿಕೆಯನ್ನೇ.

ಅದು ಲಕ್ಷಾಂತರ ಜನರಿಗೆ ರಕ್ಷೆಯಾಯಿತೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಆ ದ್ರವದಲ್ಲಿ ವೈರಸಿನೊಂದಿಗೆ ಕುರಿಯ ಮಿದುಳಿನ ಅಂಶವೂ ಇತ್ತು. ನರತಂತುಗಳ ಮೇಲಿರುವ ಮಯಲಿನ್ ಎಂಬ ಹೊದಿಕೆಯು ಕುರಿಯಲ್ಲಿಯೂ ಮನುಷ್ಯನಲ್ಲಿಯೂ ಹೆಚ್ಚು ಭೇದವಿಲ್ಲದ್ದು. ಕುರಿಯ ಮಿದುಳಿನ ವಿರುದ್ಧ ಎಚ್ಚೆತ್ತ ದೇಹವು ಕೆಲವರಲ್ಲಿ ತನ್ನ ಮಿದುಳಿನ ಮೇಲೆಯೇ ತಿರುಗಿಬಿದ್ದಿತು. ಪಾರ್ಶ್ವವಾಯು ಬಂದಿತು, ಕೆಲವರು ಸತ್ತರು. ನಾಯಿಗೆ ಹುಚ್ಚಿರಲಿಲ್ಲವೆಂದು ಆಮೇಲೆ ತಿಳಿದರೂ ಹೋದ ಕಾಲು ಮರಳಿ ಬರಲಿಲ್ಲ. ಜೀವಕೋಶಗಳಲ್ಲಿ ಬೆಳೆಸಿದ ಶುದ್ಧವಾದ ಲಸಿಕೆಯು ೧೯೭೦ರ ದಶಕದಲ್ಲಿಯೇ ಬಂದಿತ್ತು. ಹಣವುಳ್ಳವರು ಅದನ್ನು ಕೊಂಡು ಚುಚ್ಚಿಸಿಕೊಂಡರು. ಬಡವರು ಸರಕಾರದ ದವಾಖಾನೆಯಲ್ಲಿ ಕುರಿಯ ಮಿದುಳಿನ ಲಸಿಕೆಯನ್ನೇ ಪಡೆಯುತ್ತಿದ್ದರು. ಅದರ ತಯಾರಿಕೆಯನ್ನು ನಮ್ಮ ದೇಶವು ನಿಲ್ಲಿಸಿದುದು ೨೦೦೪ರ ಕೊನೆಯಲ್ಲಿ. ಸ್ವಾತಂತ್ರ್ಯವು ಬಂದು ೫೭ ವರ್ಷಗಳಾದ ಮೇಲೆ! ಜ್ಞಾನವು ಇದ್ದಾಗಲೂ ಅದು ಬಡವನ ಬಾಗಿಲಿಗೆ ತಲುಪಲು ಒಂದು ತಲೆಮಾರು ಹಿಡಿಯಿತೆಂಬ ಈ ನೆನಪು ನಮ್ಮನ್ನು ಇಂದಿಗೂ ಚುಚ್ಚಬೇಕು. ಏಕೆಂದರೆ ಅದೇ ತಪ್ಪು ಇನ್ನೊಂದು ರೂಪದಲ್ಲಿ ಮುಂದುವರಿದಿದೆ.

ಆ ತಪ್ಪು ಯಾವುದೆಂದು ಹೇಳುವ ಮುಂಚೆ, ರೋಗವು ತೋರಿದ ಮೇಲೆ ಗುಣಪಡಿಸುವ ಆಸೆಯ ಮಾತನ್ನು ಮುಗಿಸಿಬಿಡೋಣ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದಲ್ಲಿ ೨೦೦೪ರಲ್ಲಿ ಬಾವಲಿ ಕಡಿದ ೧೫ ವರ್ಷದ ಬಾಲಿಕೆಯೊಬ್ಬಳನ್ನು ವೈದ್ಯರು ಔಷಧಿಯಿಂದ ದೀರ್ಘನಿದ್ರೆಯಲ್ಲಿಟ್ಟರು. ಲಸಿಕೆಯನ್ನೇ ಪಡೆಯದಿದ್ದ ಅವಳು ಬದುಕಿದಳು. ಜಗತ್ತೇ ಹರ್ಷಿಸಿತು. ಆದರೆ ಅದೇ ಉಪಾಯವನ್ನು ಅನುಸರಿಸಿದ ಬೇರೆಡೆಗಳಲ್ಲಿ ರೋಗಿಗಳು ಬಹುತೇಕ ಸತ್ತರು. ಅವಳ ಸ್ವಂತ ದೇಹದಲ್ಲಿ ಪ್ರತಿಕಾಯಗಳು ಆಗಲೇ ಎದ್ದಿದ್ದುವೆಂಬುದನ್ನು ಮರೆಯುವಂತಿಲ್ಲ. ನಮ್ಮ ದೇಶದಿಂದಲೂ ಬದುಕಿ ಉಳಿದ ಕೆಲವರ ವೃತ್ತಾಂತಗಳು ಪ್ರಕಟವಾಗಿವೆ; ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಈ ರೋಗದ ಶೋಧನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗಿ ಕೇಂದ್ರವಾಗಿದ್ದು, ಇಂಥವರ ಮಿದುಳುದ್ರವದಲ್ಲಿ ಪ್ರತಿಕಾಯಗಳು ಬಹಳ ಹೆಚ್ಚಾಗಿದ್ದುದನ್ನು ಗುರುತಿಸಿದೆ. ಅವರಲ್ಲಿ ಹೆಚ್ಚಿನವರು ಮೊದಲೇ ಲಸಿಕೆಯ ಕೆಲವು ಸರದಿಗಳನ್ನು ಪಡೆದವರು. ಉಳಿದರೂ ಬಹುಮಂದಿ ಅಂಗವಿಕಲರಾಗಿ ಉಳಿದರು. ಇಂಥ ಉಳಿವನ್ನು ನಂಬಿ ಯಾವ ರಾಜ್ಯವೂ ತನ್ನ ಪ್ರಜೆಗಳ ಪ್ರಾಣರಕ್ಷಣೆಯ ಏರ್ಪಾಡನ್ನು ಮಾಡಲಾಗದು.

ಆದುದರಿಂದ ಯುದ್ಧವೆಲ್ಲವೂ ಕಡಿತಕ್ಕೂ ನರಪ್ರವೇಶಕ್ಕೂ ನಡುವಿನ ಅವಕಾಶದಲ್ಲಿ ನಡೆಯಬೇಕು. ಅಲ್ಲಿ ಮೂರು ಕೆಲಸಗಳಿವೆ. ಮೊದಲನೆಯದು ತೊಳೆಯುವುದು. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ೧೫ ನಿಮಿಷ ಗಾಯವನ್ನು ತೊಳೆಯಬೇಕು. ವೈರಸಿನ ಹೊರಕವಚವು ಜಿಡ್ಡಿನದು. ಸಾಬೂನು ಆ ಜಿಡ್ಡನ್ನು ಕರಗಿಸಿ ವೈರಸನ್ನು ಕೆಡಿಸುತ್ತದೆ. ಕಾವಲಿನವರು ಮಲಗಿದ್ದರೂ ಬಾಗಿಲಿನಲ್ಲಿಯೇ ಕಳ್ಳನನ್ನು ಹೊಡೆಯುವ ಉಪಾಯವಿದು. ಒಂದು ಸಾಬೂನಿನ ತುಂಡಿಗಿಂತ ಹೆಚ್ಚು ವೆಚ್ಚವಿಲ್ಲ.

ಎರಡನೆಯದು ಪಡೆಗೆ ಶಿಕ್ಷಣ ಕೊಡುವುದು, ಅಂದರೆ ಲಸಿಕೆ. ಶತ್ರುವು ಮುಚ್ಚಿಟ್ಟ ಸುದ್ದಿಯನ್ನು ಲಸಿಕೆಯು ಸಾರಿ ಹೇಳುತ್ತದೆ. ಸತ್ತ ವೈರಸನ್ನು ನರದಿಂದ ದೂರ, ತೋಳಿನಲ್ಲಿ, ಕಾವಲಿನವರ ಕಣ್ಣೆದುರಿಗೆ ಇಟ್ಟು ತೋರಿಸುತ್ತದೆ. ಚರ್ಮವು ಇಂಥ ಕಾವಲುಕಣಗಳ ದೊಡ್ಡ ಠಾಣೆ. ಆದುದರಿಂದ ಚರ್ಮದ ಪದರದೊಳಗೆ ಎರಡು ಕಡೆ ತಲಾ ೦.೧ ಮಿಲಿಲೀಟರಿನಷ್ಟು ಕೊಟ್ಟರೂ ಸಾಕಾಗುತ್ತದೆ. ಕಡಿದ ಮೇಲೆ ಮೊದಲ ಸೂಜಿಯ ದಿನವನ್ನು ಸೊನ್ನೆಯೆಂದಿಟ್ಟುಕೊಂಡು, ಆ ದಿನ, ೩, ೭ ಮತ್ತು ೨೮ನೆಯ ದಿನಗಳಂದು ಕೊಡುವ ಈ ಮಿತವ್ಯಯದ ಪದ್ಧತಿಗೆ ನಮ್ಮ ದೇಶವು ೨೦೦೬ರಲ್ಲಿ ಅನುಮತಿಯಿತ್ತಿತು. ಇದು ದೇಹದ ಕಾವಲಿನ ಸ್ವಭಾವವನ್ನು ತಿಳಿದು ಮಾಡಿದ ಉಪಕಾರ. ಆದರೆ ಲಸಿಕೆಯಿಂದ ಪ್ರತಿಕಾಯಗಳು ಸಾಕಷ್ಟು ಹುಟ್ಟಲು ೭ರಿಂದ ೧೪ ದಿನಗಳು ಬೇಕು. ಗಾಯವು ಆಳವಾಗಿದ್ದರೆ, ಮುಖದ ಮೇಲಿದ್ದರೆ, ಆ ದಿನಗಳಲ್ಲಿ ಶತ್ರುವು ಕಾಯುತ್ತ ಕೂಡುವನೇ?

ಅದಕ್ಕಾಗಿಯೇ ಮೂರನೆಯ ಕೆಲಸ: ಬೇರೆಯವರ ಸೈನ್ಯವನ್ನು ಸಾಲವಾಗಿ ತರುವುದು. ಮೊದಲೇ ಲಸಿಕೆ ಪಡೆದ ಮನುಷ್ಯರ ಅಥವಾ ಕುದುರೆಗಳ ರಕ್ತದಿಂದ ತೆಗೆದ ಸಿದ್ಧ ಪ್ರತಿಕಾಯಗಳನ್ನು ಗಾಯದ ಒಳಗೂ ಸುತ್ತಲೂ ತುಂಬುವುದು. ಇದನ್ನೇ ವೈದ್ಯರು ಇಮ್ಯುನೊಗ್ಲಾಬ್ಯುಲಿನ್ ಎನ್ನುತ್ತಾರೆ. ಜನರು ಸೀರಮ್ ಎನ್ನುತ್ತಾರೆ. ಇದರ ಬೆಲೆಯೇನೆಂಬುದನ್ನು ೧೯೫೪ರಲ್ಲಿ ಇರಾನಿನ ಹಳ್ಳಿಯೊಂದು ಜಗತ್ತಿಗೆ ತೋರಿಸಿತು. ಹುಚ್ಚು ತೋಳವೊಂದು ಒಂದೇ ರಾತ್ರಿಯಲ್ಲಿ ೨೯ ಜನರನ್ನು ಕಚ್ಚಿತು. ತಲೆಗೆ ಗಾಯವಾದವರಲ್ಲಿ ಲಸಿಕೆಯನ್ನು ಮಾತ್ರ ಪಡೆದ ಐವರ ಪೈಕಿ ಮೂವರು ಸತ್ತರು; ಸೀರಮನ್ನೂ ಲಸಿಕೆಯನ್ನೂ ಪಡೆದ ಹದಿಮೂವರ ಪೈಕಿ ಒಬ್ಬನು ಮಾತ್ರ ಸತ್ತನು. ಇದಕ್ಕಿಂತ ಸ್ಪಷ್ಟವಾದ ತೀರ್ಪು ಬೇಕೇ? ಅಂದಿನಿಂದ ಇಂದಿನವರೆಗೆ, ರಕ್ತಬರುವ ಕಡಿತಕ್ಕೆ ಲಸಿಕೆಯೊಂದಿಗೆ ಸೀರಮ್ ಕೊಡಬೇಕೆಂಬುದು ಜಗನ್ಮಾನ್ಯವಾದ ವಿಧಿ.

ನಮ್ಮ ದೂರು ಇಲ್ಲಿಯೇ. ಲಸಿಕೆಯು ದೊರೆಯುವ ಎಷ್ಟೋ ಸರಕಾರೀ ದವಾಖಾನೆಗಳಲ್ಲಿ ಸೀರಮ್ ದೊರೆಯುವುದಿಲ್ಲ. ಹಳ್ಳಿಯ ಕೂಲಿಕಾರನು ಕೆನ್ನೆ ಹರಿದ ಮಗುವನ್ನು ಹೊತ್ತು ಹೋಬಳಿಯ ಆರೋಗ್ಯಕೇಂದ್ರಕ್ಕೆ ಬಂದರೆ, ಒಂದು ಸೂಜಿ ಚುಚ್ಚಿ, "ಸೀರಮ್ ಇಲ್ಲ, ಜಿಲ್ಲೆಗೆ ಹೋಗಿ" ಎಂಬ ಉತ್ತರವು ಸಿಗುತ್ತದೆ. ಜಿಲ್ಲೆಗೆ ಹೋಗುವುದೆಂದರೆ ಬಸ್ಸಿನ ವೆಚ್ಚ, ಎರಡು ದಿನದ ಕೂಲಿ. ಗಾಯವೂ ಮಾಗುತ್ತಿರುತ್ತದೆ, ಬಾವೂ ಇಳಿದಿರುತ್ತದೆ. ಅವನು ಊರಿಗೆ ಮರಳುತ್ತಾನೆ. ಲಸಿಕೆ ಆರಂಭವಾಗಿ ಏಳು ದಿನಗಳು ಕಳೆದರೆ ಸೀರಮ್ ಕೊಡುವ ಅವಧಿಯೂ ಮುಗಿಯಿತು. ಆ ತಂದೆಯನ್ನು ಅಜ್ಞಾನಿಯೆಂದು ಬಯ್ಯುವುದು ಸುಲಭ. ಸದ್ದು ಮಾಡದ ಶತ್ರುವಿನ ವಿಷಯವನ್ನು ಅವನಿಗೆ ತಿಳಿಸಿ ಹೇಳಿದವರು ಯಾರು? ತಿಳಿದಿದ್ದ ಅಧಿಕಾರಿಗಳು ಸೈನ್ಯವನ್ನು ಜಿಲ್ಲೆಯ ಉಗ್ರಾಣದಲ್ಲಿಟ್ಟು ಗಡಿಯನ್ನು ಬರಿದಾಗಿ ಬಿಟ್ಟಿದ್ದೇಕೆ?

ವೆಚ್ಚವು ಹೆಚ್ಚೆಂಬ ಆಕ್ಷೇಪವನ್ನು ನಾವು ಬಲ್ಲೆವು. ಮನುಷ್ಯರಕ್ತದ ಸೀರಮ್ ದುಬಾರಿಯೆಂಬುದು ನಿಜ. ಆದರೆ ಕುದುರೆಯ ಸೀರಮ್ ಅಗ್ಗವಾದುದು, ನಮ್ಮ ದೇಶದಲ್ಲಿಯೇ ತಯಾರಾಗುವುದು. ಮನುಷ್ಯನದಾದರೆ ದೇಹದ ತೂಕದ ಕಿಲೋವಿಗೆ ೨೦ ಯೂನಿಟ್, ಕುದುರೆಯದಾದರೆ ೪೦ ಯೂನಿಟ್ ಎಂಬುದು ಗರಿಷ್ಠ ಪ್ರಮಾಣ. ಅದನ್ನು ಗಾಯಕ್ಕೇ ತುಂಬಬೇಕು. ಗಾಯವು ಸಣ್ಣದಾದರೆ ಕಡಿಮೆಯೇ ಸಾಕಾಗುವುದರಿಂದ ಉಳಿತಾಯವೂ ಆಗುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಶುದ್ಧ ಪ್ರತಿಕಾಯಗಳನ್ನು ಭಾರತೀಯ ತಯಾರಕರೇ ಮಾರುಕಟ್ಟೆಗೆ ತಂದಿದ್ದಾರೆ. ಜಗತ್ತಿಗೆ ಲಸಿಕೆಯನ್ನು ಒದಗಿಸುವ ನಾಡು ತನ್ನ ಹೋಬಳಿಗೆ ಒದಗಿಸಲಾರದೆಂದರೆ ಸ್ವದೇಶಿಯ ಮಾತಿಗೆ ಅರ್ಥವೇನು ಉಳಿಯಿತು? ಸ್ವರಾಜ್ಯದ ಪರೀಕ್ಷೆಯು ರಾಜಧಾನಿಯ ಭವನಗಳಲ್ಲಿ ಅಲ್ಲ, ಕೊನೆಯ ಹಳ್ಳಿಯ ದವಾಖಾನೆಯ ಕಪಾಟಿನಲ್ಲಿ ಆಗುತ್ತದೆ.

೨೦೨೧ರ ಸೆಪ್ಟೆಂಬರ್ ೨೮ರಂದು, ಪಾಸ್ತರನ ಪುಣ್ಯತಿಥಿಯ ದಿನ, ನಾಯಿಯಿಂದ ಬರುವ ರೇಬೀಸನ್ನು ೨೦೩೦ರೊಳಗೆ ತೊಡೆದುಹಾಕುವ ಯೋಜನೆಯನ್ನು ಕೇಂದ್ರ ಸರಕಾರವು ಪ್ರಕಟಿಸಿತು. ೨೦೨೨ರ ಡಿಸೆಂಬರಿನಲ್ಲಿ ಕರ್ನಾಟಕ ಸರಕಾರವು ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿಮಾಡತಕ್ಕ ರೋಗವೆಂದು ಸಾರಿತು. ಎರಡೂ ಶ್ಲಾಘ್ಯವಾದ ಕಾರ್ಯಗಳು. ಆದರೆ ವರದಿಯೆಂಬುದು ಸತ್ತವರ ಲೆಕ್ಕ; ನಮಗೆ ಬೇಕಾದುದು ಉಳಿಯಬೇಕಾದವರ ಲೆಕ್ಕ. ಪ್ರತಿ ತಾಲ್ಲೂಕು ದವಾಖಾನೆಯಲ್ಲಿ ಮಾತ್ರವಲ್ಲ, ಕಡಿತದ ರೋಗಿಗಳು ಬರುವ ಪ್ರತಿ ಆರೋಗ್ಯಕೇಂದ್ರದಲ್ಲಿಯೂ ಸೀರಮ್ ಇರಬೇಕು. ಇಂದು ಎಷ್ಟು ಲಸಿಕೆ, ಎಷ್ಟು ಸೀರಮ್ ಇದೆಯೆಂಬುದನ್ನು ಬಾಗಿಲಿನ ಫಲಕದ ಮೇಲೆ ದಿನವೂ ಬರೆಯಬೇಕು. ಒಳಗೆ ಕಾಲಿಡುವಲ್ಲಿಯೇ ನಲ್ಲಿಯೂ ಸಾಬೂನೂ ಇರಬೇಕು. ಚೀಟಿ ಬರೆಸುವ ಮೊದಲು ಗಾಯವು ತೊಳೆಯಲ್ಪಡಬೇಕು. ಮೊದಲ ಸೂಜಿ ಪಡೆದು ಮೂರನೆಯ ದಿನ ಬಾರದವನ ಮನೆಗೆ ಆಶಾ ಕಾರ್ಯಕರ್ತೆಯನ್ನು ಕಳುಹಿಸಬೇಕು. ನಾಯಿಗಳಲ್ಲಿ ನೂರಕ್ಕೆ ೭೦ರಷ್ಟಕ್ಕಾದರೂ ವರ್ಷವರ್ಷವೂ ಲಸಿಕೆ ಹಾಕಿಸಿದರೆ ರೋಗದ ಸರಪಳಿಯು ಮೂಲದಲ್ಲಿಯೇ ಕಡಿಯುವುದೆಂಬುದನ್ನು ಪೌರಸಭೆಗಳು ಮರೆಯಬಾರದು.

ನಾಗರಿಕರ ಕರ್ತವ್ಯವೂ ಕಡಿಮೆಯದಲ್ಲ. ಗಾಯಕ್ಕೆ ಮೆಣಸಿನಪುಡಿ, ಸುಣ್ಣ, ಎಣ್ಣೆ ಮೊದಲಾದವುಗಳನ್ನು ಮೆತ್ತುವ ಪದ್ಧತಿಯು ಇನ್ನೂ ಅಳಿದಿಲ್ಲ. ಉರಿದರೆ ವಿಷವು ಇಳಿಯಿತೆಂದು ಜನರು ತಿಳಿಯುತ್ತಾರೆ. ಆ ಉರಿಯು ವೈರಸನ್ನು ಕೊಲ್ಲುವುದೂ ಇಲ್ಲ, ದೇಹದ ಸೈನ್ಯಕ್ಕೆ ಗುರಿಯನ್ನು ತೋರಿಸುವುದೂ ಇಲ್ಲ. ಗಾಯವನ್ನು ಕೆರಳಿಸಿ ಕೆಡಿಸುತ್ತದೆ, ತೊಳೆಯುವ ಅಮೂಲ್ಯವಾದ ಗಳಿಗೆಯನ್ನು ನುಂಗುತ್ತದೆ. ಮರಿನಾಯಿ ಕಡಿದರೆ ಭಯವಿಲ್ಲವೆಂಬುದೂ, ಪರಚಿದರೆ ಏನೂ ಆಗದೆಂಬುದೂ ತಪ್ಪು. ಬೈಗುಳಿಗೆ ಹೆದರಿ ಮಕ್ಕಳು ಕಡಿತವನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟರೆ ಈ ರೋಗಕ್ಕೆ ಇನ್ನೊಬ್ಬ ಸಹಾಯಕನು ದೊರೆತಂತೆ. ನಾಯಿಯನ್ನು ಬಯ್ಯುವ ಮೊದಲು ಮಗುವಿನ ಕಾಲನ್ನು ತೊಳೆಯಿರಿ. ಬೇರೆ ಕಾಯಿಲೆಗಾಗಿ ಸ್ಟೆರಾಯ್ಡ್ ಮೊದಲಾದ ಔಷಧಿಗಳನ್ನು ಸೇವಿಸುವವರು ಅದನ್ನು ವೈದ್ಯರಿಗೆ ತಿಳಿಸಿರಿ. ಅಂಥವರ ಕಾವಲು ಮೊದಲೇ ದುರ್ಬಲ.

ನಮ್ಮ ದೇಹವು ದಡ್ಡನಲ್ಲ, ಹೇಡಿಯೂ ಅಲ್ಲ. ಸುದ್ದಿಯು ಮುಟ್ಟಿದರೆ ಅದು ಈ ಶತ್ರುವನ್ನು ಸೋಲಿಸಬಲ್ಲುದೆಂಬುದನ್ನು ೧೮೮೫ರಿಂದ ಇಂದಿನವರೆಗೆ ಕೋಟ್ಯಂತರ ಜನರು ಬದುಕಿ ತೋರಿಸಿದ್ದಾರೆ. ಸುದ್ದಿಯನ್ನು ಮುಟ್ಟಿಸುವ ಕೆಲಸವನ್ನು ಮಾತ್ರ ಪ್ರಕೃತಿಯು ನಮ್ಮ ಬುದ್ಧಿಗೆ ಬಿಟ್ಟಿದೆ. ದೇಹದೊಳಗೆ ನಡೆಯುವುದೇ ನಾಡಿನಲ್ಲಿಯೂ ನಡೆಯುತ್ತಿದೆ: ಬಡವರ ಮನೆಯಲ್ಲಿ ಸದ್ದಿಲ್ಲದೆ ಸಾಯುವವರ ಸುದ್ದಿಯು ಆಡಳಿತದ ಕಿವಿಗೆ ಮುಟ್ಟುವುದಿಲ್ಲ; ಮುಟ್ಟಿದಾಗ ಕಾಲವು ಮೀರಿರುತ್ತದೆ. ಜನರು ಕೂಗಿ ಎಬ್ಬಿಸುವವರೆಗೆ ಅಧಿಕಾರಿಗಳು ಮಲಗಿರಬಾರದು. ಅಧಿಕಾರಿಗಳು ಏಳುವವರೆಗೆ ಜನರು ಸುಮ್ಮನಿರಬಾರದು. ಮುಂದಿನ ಆಯವ್ಯಯದಲ್ಲಿ ಸೀರಮಿಗಾಗಿ ಪ್ರತ್ಯೇಕವಾದ ಹಣವನ್ನು ತೆಗೆದಿರಿಸಿ, ಅದು ಹೋಬಳಿಯವರೆಗೆ ಹೋಗಿ ಸೇರಿತೇ ಎಂಬುದನ್ನು ಸರಕಾರವು ಶಾಸನಸಭೆಗೆ ಲೆಕ್ಕವೊಪ್ಪಿಸಲೆಂದು ನಾವು ಆ ಮಕ್ಕಳ ಪರವಾಗಿ ಆಗ್ರಹಪೂರ್ವಕವಾಗಿ ಬೇಡುತ್ತೇವೆ.